ಕೋಲಾಟದ ಗುರುವೂ ಪದದ ಆಯ್ಕೆಯೂ

ನಾಟ್ಯವನ್ನು ಕುರಿತು ಬರೆಯತಕ್ಕವರು ನರ್ತಕನ ಗುಣದೋಷಗಳನ್ನು ವಿಚಾರಿಸುತ್ತಾರೆ. ಗಾನವನ್ನು ಕುರಿತು ಬರೆಯತಕ್ಕವರು ಗಾಯಕನ ಕಂಠವನ್ನು ಪರೀಕ್ಷಿಸುತ್ತಾರೆ. ಇವರಿಬ್ಬರ ನಡುವೆ ನಿಂತು, ಇಂಥ ಪದಕ್ಕೆ ಇಂಥ ಹೆಜ್ಜೆ ಸಲ್ಲುವುದೆಂದು ಗೊತ್ತುಮಾಡಿ, ಆಟವು ನಡೆಯುತ್ತಿರುವಾಗಲೇ ಅದನ್ನು ನಡಸತಕ್ಕ ಮೂರನೆಯವನೊಬ್ಬನಿದ್ದಾನೆಂಬುದು ವಿಮರ್ಶಕರ ಲಕ್ಷ್ಯಕ್ಕೆ ಬರುವುದು ಅಪೂರ್ವ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಗಳಲ್ಲಿ ಕೋಲಾಟದ ಗುರುವೆಂದರೆ ಇವನೇ. ಆಟಗಾರರ ವೃತ್ತದ ನಡುವೆ ತಾಳ ಹಿಡಿದು ನಿಂತು ಪದವನ್ನು ಎತ್ತಿಕೊಡುವವನು ಇವನು. ಕೋಪು ಬದಲಾಗಬೇಕಾದಾಗ ಕೂಗಿ ಎಚ್ಚರಿಸುವವನೂ ಇವನು. ಕೋಪು ಎಂದರೆ ಆಟಗಾರರು ಸುತ್ತಿ, ದಾಟಿ, ಒಳಹೊಕ್ಕು ಹೊರಬರುವ ವಿನ್ಯಾಸ. ಪದದ ಬಲ್ಮೆ, ಕೋಪಿನ ಬಲ್ಮೆ ಇವೆರಡೂ ಇದ್ದು, ಒಂದನ್ನು ಇನ್ನೊಂದಕ್ಕೆ ಕೂಡಿಸುವ ವಿವೇಕವಿಲ್ಲದವನು ಗುರುವಾಗಲಾರನು. ಆ ವಿವೇಕವೆಂಥದು, ಈಗ ಅದಕ್ಕೆ ಒದಗಿರುವ ಕುತ್ತವೆಂಥದು ಎಂಬುದು ಇಲ್ಲಿಯ ವಿಚಾರ.

ಕೋಲಾಟವು ನಿನ್ನೆ ಮೊನ್ನೆಯದಲ್ಲ. 13ನೆಯ ಶತಮಾನದಲ್ಲಿ ಕಾಕತೀಯ ಗಣಪತಿದೇವನ ಗಜಸೇನೆಗೆ ಅಧಿಪತಿಯಾಗಿದ್ದ ಜಾಯಸೇನಾಪತಿಯು ‘ನೃತ್ತರತ್ನಾವಳಿ’ಯಲ್ಲಿ ದೇಶೀನೃತ್ತಗಳನ್ನು ಹೇಳುವಾಗ ದಂಡರಾಸಕವನ್ನು ಹೆಸರಿಸಿದ್ದಾನೆ. ಹಂಪೆಯ ಶಿಲ್ಪಗಳಲ್ಲಿ ಕೋಲು ಹಿಡಿದ ನರ್ತಕಿಯರ ಸಾಲುಗಳನ್ನು ಇಂದಿಗೂ ನೋಡಬಹುದು. ಕಲ್ಲಿನಲ್ಲಿ ಕೈಯ ನಿಲುವು ಉಳಿದಿದೆ. ಯಾವ ಹಾಡಿಗೆ ಆ ಕೈ ಎದ್ದಿತೆಂಬುದು ಕಲ್ಲಿಗೆ ಹತ್ತುವುದಿಲ್ಲ. ಅದು ಲಕ್ಷಣದಿಂದ ಬರುವ ವಿದ್ಯೆಯಲ್ಲ, ಲಕ್ಷ್ಯದಿಂದ ಬರುವುದು. ಒಬ್ಬ ಗುರುವಿನ ಬಾಯಿಂದ ಇನ್ನೊಬ್ಬನ ಕಿವಿಗೆ ಇಳಿದು ಬಂದಷ್ಟು ಕಾಲವೇ ಅದರ ಆಯುಷ್ಯ.

ಇತರ ಕುಣಿತಗಳಿಗಿಂತ ಕೋಲಾಟದಲ್ಲಿ ಪದದ ಹೊಂದಿಕೆಯು ಹೆಚ್ಚು ಕಟ್ಟುನಿಟ್ಟಾಗಿರಬೇಕಾದುದಕ್ಕೆ ಕಾರಣ ಕೋಲೇ ಆಗಿದೆ. ಬರಿಯ ಹೆಜ್ಜೆ ತಪ್ಪಿದರೆ ಅದು ಕಣ್ಣಿಗೆ ಮಾತ್ರ ತೋರುವ ದೋಷ. ಕಣ್ಣು ಹೊರಳಿಸಿದವನಿಗೆ ಅದೂ ಇಲ್ಲ. ಕೋಲಿನ ಪೆಟ್ಟು ಶಬ್ದರೂಪವಾದುದರಿಂದ ಆಟಗಾರನೇ ವಾದ್ಯಗಾರನೂ ಆಗುತ್ತಾನೆ. ಹದಿನಾರು ಜನ ಆಡುವ ಮೇಳವೆಂದರೆ ಮೂವತ್ತೆರಡು ಕೋಲುಗಳ ಒಂದು ತಾಳವಾದ್ಯವೆಂದೇ ಎಣಿಸಬೇಕು. ಪದದ ಘಾತ ಒಂದೆಡೆ, ಕೋಲಿನ ಪೆಟ್ಟು ಇನ್ನೊಂದೆಡೆ ಬಿದ್ದರೆ, ಕಣದಾಚೆ ಜಗಲಿಯಲ್ಲಿ ಕಣ್ಣು ಮುಚ್ಚಿ ಕುಳಿತ ಮುದುಕಿಗೂ ಅದು ಗೊತ್ತಾಗುತ್ತದೆ.

ಹೊಂದಿಕೆಯ ಮೊದಲ ಮಾತು ನಡೆಯದು. ಛಂದಸ್ಸನ್ನು ಓದಿದವರಿಗೆ ಮೂರು ಮಾತ್ರೆಯ ಉತ್ಸಾಹದ ನಡೆ, ನಾಲ್ಕರ ಮಂದಾನಿಲದ ನಡೆ, ಐದರ ಲಲಿತದ ನಡೆ, ಮೂರುನಾಲ್ಕು ಬೆರೆತ ಭಾಮಿನಿಯ ನಡೆ ಎಂಬ ಭೇದಗಳು ಪರಿಚಿತವೇ ಆಗಿವೆ. ಗುರುವಿಗೆ ಈ ಹೆಸರುಗಳು ತಿಳಿದಿರಬೇಕೆಂಬ ನಿಯಮವಿಲ್ಲ. ಭೇದ ಮಾತ್ರ ಅವನ ಅಂಗಾಲಿಗೆ ತಿಳಿದಿರುತ್ತದೆ. ಕೋಲಾಟದ ಪದಗಳಲ್ಲಿ ಬಹುಪಾಲು ನಾಲ್ಕರ ನಡೆಯವು, ಇಲ್ಲವೇ ಮೂರು ಮೂರು ಜೋಡಿಯಾಗಿ ಬರುವ ನಡೆಯವು. ಐದರ ನಡೆಯ ಪದ ಏಕೆ ವಿರಳವೆಂಬುದನ್ನು ವಿಚಾರಿಸಿದರೆ ಆಟದ ಒಳಗುಟ್ಟು ಹೊರಬೀಳುತ್ತದೆ. ಮನುಷ್ಯನಿಗೆ ಕಾಲು ಎರಡು, ಕೈಯಲ್ಲಿ ಕೋಲು ಎರಡು, ಎದುರಿಗೆ ಜೊತೆಗಾರನೊಬ್ಬ; ಇಲ್ಲಿ ಎಲ್ಲವೂ ಜೋಡಿಯಿಂದಲೇ ನಡೆಯತಕ್ಕದ್ದು. ತನ್ನ ಕೋಲುಗಳ ಪೆಟ್ಟು, ಎದುರಿನವನ ಬಲಗೋಲಿಗೆ ಪೆಟ್ಟು, ತಿರುಗಿ ತನ್ನದು, ತಿರುಗಿ ಅವನ ಎಡಗೋಲಿಗೆ—ಹೀಗೆ ನಾಲ್ಕು ಪೆಟ್ಟಿನ ಸರಳ ಕೋಪು ನಾಲ್ಕರ ನಡೆಯಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಐದು ಹೆಜ್ಜೆಗೆ ಒಂದಾವರ್ತವಾದರೆ ಬಲಗಾಲಿನಿಂದ ಹೊರಟವನು ಮರು ಆವರ್ತಕ್ಕೆ ಎಡಗಾಲಿನಿಂದ ಹೊರಡಬೇಕಾಗುತ್ತದೆ. ನುರಿತವರು ಇದನ್ನೂ ಸಾಧಿಸಿಯಾರು. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಆಡುವ ಮೇಳಕ್ಕೆ ಅದು ವಿನೋದವಾಗಲಾರದು. ಆದುದರಿಂದ ಐದರ ಪದವನ್ನು ಬಲ್ಲ ಗುರು ಅದನ್ನು ಕೋಪಿಗೆ ಹೂಡುವುದಿಲ್ಲ. ಆಟಗಾರರು ನಿಂತು ದಣಿವಾರಿಸಿಕೊಳ್ಳುವಾಗ ಹಾಡುತ್ತಾನೆ.

ಮೂರರ ಮತ್ತು ನಾಲ್ಕರ ನಡೆಗಳನ್ನು ಅದಲುಬದಲು ಮಾಡುವುದು ಹೊಸಬರಲ್ಲಿ ಸಾಮಾನ್ಯವಾದ ತಪ್ಪು. ಗುನುಗಿ ನೋಡಿದರೆ ಎರಡು ಸಾಲುಗಳಿಗೂ ಒಂದೇ ಹೊತ್ತು ಹಿಡಿಯಬಹುದು. ಎಣಿಕೆಯಲ್ಲಿ ವ್ಯತ್ಯಾಸ ಕಾಣದು. ಆದರೆ ನಾಲ್ಕರ ನಡೆಯು ಮೈಯನ್ನು ನಡಸುತ್ತದೆ, ಮೂರರದು ಮೈಯನ್ನು ತೂಗುತ್ತದೆ. ನಡೆಯಲು ಕಲಿತ ಮೇಳಕ್ಕೆ ತೂಗುವ ಪದವನ್ನು ಹಾಕಿದರೆ ಹೆಜ್ಜೆಯೊಂದು ಕಡೆ, ಹಾಡೊಂದು ಕಡೆ. ಪೆಟ್ಟು ಲೆಕ್ಕಕ್ಕೆ ಸರಿಯಾಗಿಯೇ ಬೀಳುತ್ತಿರುತ್ತದೆ. ಆದರೂ ಆಟವು ಹತ್ತುವುದಿಲ್ಲ. ಏಕೆ ಹತ್ತುವುದಿಲ್ಲವೆಂದು ಹೇಳಲಾರದೆ ನೋಡುವವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಗುರುವಿನ ವಿದ್ಯೆಯು ಎಣಿಕೆಯದಲ್ಲ, ಕಿವಿಯದು ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಇನ್ನು ಪದದ ಉದ್ದ. ಇಲ್ಲಿ ಓದಿದವರು ಎಡವುವುದುಂಟು. ನಾಗವರ್ಮನ ‘ಛಂದೋಂಬುಧಿ’ಯಿಂದ ಇತ್ತ ತ್ರಿಪದಿಯ ಲಕ್ಷಣ ಪ್ರಸಿದ್ಧವಾದದ್ದು: ಮೂರು ಸಾಲು, ಹನ್ನೊಂದು ಗಣ, ಆರನೆಯ ಮತ್ತು ಹತ್ತನೆಯ ಗಣಗಳು ಬ್ರಹ್ಮ, ಉಳಿದವು ವಿಷ್ಣು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗಿನಿಂದ ಜನಪದದ ತ್ರಿಪದಿಗಳು ಅಚ್ಚಿನಲ್ಲಿ ಮೂರು ಸಾಲುಗಳಾಗಿಯೇ ಕಣ್ಣಿಗೆ ಬಿದ್ದು ವಿದ್ಯಾವಂತರಿಗೆ ರೂಢಿಯಾಗಿವೆ. ಪುಸ್ತಕದ ತ್ರಿಪದಿಯನ್ನು ನೋಡಿದವನು, ಎರಡೆರಡಾಗಿ ನಾಲ್ಕು ನಾಲ್ಕಾಗಿ ನಡೆಯುವ ಕೋಲಾಟಕ್ಕೆ ಮೂರು ಸಾಲಿನ ಪದ ಹೇಗೆ ಸಂದೀತೆಂದು ಕೇಳಬಹುದು. ಉತ್ತರವು ಹಾಡುವ ಬಾಯಲ್ಲಿದೆ. ಹಾಡುವಾಗ ಎರಡನೆಯ ಸಾಲು ತಿರುಗಿ ಬರುತ್ತದೆ. ಕಣ್ಣಿಗೆ ಮೂರಾದದ್ದು ಕಿವಿಗೆ ನಾಲ್ಕಾಗುತ್ತದೆ. ಕಡೆಯ ಸಾಲಿನಲ್ಲಿ ಒಂದು ಗಣ ಕಡಮೆಯಾಗಿರುವ ತೆರಪನ್ನು ಎಳೆತದಿಂದಲೋ, ಕೋಲೆ ಎಂಬ ಸೊಲ್ಲಿನಿಂದಲೋ ತುಂಬುತ್ತಾರೆ. ಅಂಶಗಣಗಳ ಸ್ವಭಾವವೂ ಇದಕ್ಕೆ ಅನುಕೂಲ. ಸಂಸ್ಕೃತದ ಅಕ್ಷರವೃತ್ತದಲ್ಲಿ ಲಘು ಲಘುವೇ, ಗುರು ಗುರುವೇ. ದೇಶಿಯಲ್ಲಿ ಹಾಡುವವನು ಒಂದು ಲಘುವನ್ನು ಹಿಗ್ಗಿಸಿ ಹೆಜ್ಜೆಗೆ ಬೇಕಾದಷ್ಟು ಜಾಗ ಮಾಡಿಕೊಡಬಲ್ಲನು. ಪಾಠಶಾಲೆಯಲ್ಲಿ ಇದನ್ನು ಶೈಥಿಲ್ಯವೆಂದು ಕಲಿಸುವುದುಂಟು. ಅದು ಶೈಥಿಲ್ಯವಲ್ಲ, ಕುಣಿಯುವವನಿಗಾಗಿ ಪದದಲ್ಲಿಯೇ ಬಿಟ್ಟಿರುವ ಎಡೆ.

ಈ ನಾಲ್ಕನೆಯ ಸಾಲಿನ ಬೆಲೆ ಎಷ್ಟೆಂಬುದು ಜಡೆಕೋಲಾಟದಲ್ಲಿ ತಿಳಿಯುತ್ತದೆ. ಮೇಲೆ ಕಟ್ಟಿದ ಹಗ್ಗಗಳ ತುದಿಯನ್ನು ಆಟಗಾರರು ಒಂದೊಂದಾಗಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು, ಅರ್ಧ ಮಂದಿ ಬಲಕ್ಕೂ ಅರ್ಧ ಮಂದಿ ಎಡಕ್ಕೂ ಹೊರಟು, ಎದುರಾದವರನ್ನು ಒಮ್ಮೆ ಒಳಗಿನಿಂದ ಒಮ್ಮೆ ಹೊರಗಿನಿಂದ ದಾಟುತ್ತಾರೆ, ಹಗ್ಗವು ಜಡೆಯಾಗುತ್ತದೆ. ಎಂಟು ಜನರ ಆಟವನ್ನು ತೆಗೆದುಕೊಳ್ಳೋಣ. ಎಡಕ್ಕೆ ಹೋಗುವವರು ನಾಲ್ವರು, ಬಲಕ್ಕೆ ನಾಲ್ವರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಪ್ರತಿಯೊಬ್ಬನೂ ಎದುರು ಬರುವ ನಾಲ್ವರನ್ನು ಎರಡೆರಡು ಸಲ, ಒಟ್ಟು ಎಂಟು ಸಲ ಸಂಧಿಸುತ್ತಾನೆ. ಒಂದು ದಾಟಿಗೆ ನಾಲ್ಕು ಪೆಟ್ಟೆಂದು ಹಿಡಿದರೆ ಸುತ್ತಿಗೆ 32 ಪೆಟ್ಟು. ಪದದ ಒಂದು ಸಾಲಿಗೆ ಎಂಟು ಪೆಟ್ಟಾದರೆ, ಬರೆದಂತೆ ಮೂರೇ ಸಾಲು ಹಾಡಿದ ಗುರುವಿನ ಪದ 24 ಪೆಟ್ಟಿಗೆ ಮುಗಿದು, ಆಟಗಾರರು ಮುಕ್ಕಾಲು ದಾರಿಯಲ್ಲಿರುತ್ತಾರೆ. ಎರಡನೆಯ ಸಾಲನ್ನು ಮರಳಿ ಹಾಡಿದವನ ಪದವೂ ಸುತ್ತೂ ಒಂದೇ ಪೆಟ್ಟಿಗೆ ಮುಗಿಯುತ್ತವೆ. ಪದ ಮುಗಿದಾಗ ತಾನು ಹೊರಟ ಜಾಗಕ್ಕೆ ಬಂದೆನೆಂಬ ಭರವಸೆ ಆಟಗಾರನಿಗೆ ಇದರಿಂದ ಬರುತ್ತದೆ. ಅವನು ಸುತ್ತು ಎಣಿಸಬೇಕಾಗಿಲ್ಲ, ಪದವೇ ಎಣಿಸುತ್ತದೆ.

ಹೆಣೆಯುವುದು ಸುಲಭ, ಬಿಚ್ಚುವುದರಲ್ಲಿದೆ ವಿದ್ಯೆ. ಎಷ್ಟು ದಾಟಿ ಹೆಣೆದರೋ ಅಷ್ಟೇ ದಾಟಿಗಳನ್ನು ಹಿಮ್ಮುಖವಾಗಿ ನಡೆಯಬೇಕು. ಒಳಗಾದವನು ಒಳಗೇ, ಹೊರಗಾದವನು ಹೊರಗೇ. ಒಬ್ಬನು ಒಂದು ಸಲ ತಪ್ಪಿದರೂ ಹಗ್ಗ ಗಂಟಾಗುತ್ತದೆ. ಹೀಗಿರುವುದರಿಂದ ಗುರುವು ಹೆಣೆಯುವಾಗ ಹಾಡಿದ ನುಡಿಗಳ ಲೆಕ್ಕವನ್ನು ಮನಸ್ಸಿನಲ್ಲಿಟ್ಟು, ಬಿಚ್ಚುವಾಗಲೂ ಅಷ್ಟೇ ನುಡಿಗಳನ್ನು ಹಾಡುತ್ತಾನೆ. ನಡುವೆ ಯಾವನೋ ಹುಡುಗ ತಡವರಿಸಿದನೆನ್ನಿ. ಗುರುವು ಆ ಸಾಲನ್ನೇ ಮತ್ತೊಮ್ಮೆ ಎತ್ತಿ, ಮೇಳವನ್ನು ನಿಂತಲ್ಲಿಯೇ ಹೆಜ್ಜೆ ಹಾಕಿಸಿ, ಹುಡುಗನು ತನ್ನ ಜಾಗ ಸೇರಿದ ಮೇಲೆ ಮುಂದಿನ ಸಾಲಿಗೆ ಹೋಗುತ್ತಾನೆ. ನೋಡುವವರಿಗೆ ಇದು ಪದದ ಸೊಗಸಿಗಾಗಿ ಮಾಡಿದ ಪುನರುಕ್ತಿಯೆಂದೇ ತೋರುವುದು. ತಪ್ಪನ್ನು ಅಲಂಕಾರದ ಹಾಗೆ ಕಾಣುವಂತೆ ಮಾಡುವ ಈ ಉಪಾಯವು ಆಲಂಕಾರಿಕರ ಪಟ್ಟಿಯಲ್ಲಿ ಸೇರಿಲ್ಲ.

ಎತ್ತುಗಡೆಯಲ್ಲಿಯೂ ಒಂದು ಸೂಕ್ಷ್ಮವಿದೆ. ತಾಳವೂ ಗೀತವೂ ಒಟ್ಟಿಗೆ ಹೊರಟರೆ ಸಮಗ್ರಹ, ಗೀತವು ಮೊದಲು ಹೊರಟರೆ ಅತೀತ, ತಾಳ ಹೊರಟ ಮೇಲೆ ಗೀತ ಬಂದರೆ ಅನಾಗತ ಎಂದು ಸಂಗೀತಶಾಸ್ತ್ರ. ಅನಾಗತದ ಪದವನ್ನು ಗುರುವು ಹೊಸ ಮೇಳಕ್ಕೆ ಕೊಡುವುದಿಲ್ಲ. ಮೊದಲ ಪೆಟ್ಟು ಮೌನದ ಮೇಲೆ ಬೀಳುವುದರಿಂದ ಕಲಿಯುವವನಿಗೆ ಆಸರೆ ಸಿಕ್ಕುವುದಿಲ್ಲ. ಪಲ್ಲವಿಯನ್ನು ಆಟಗಾರರೆಲ್ಲರೂ ಹೇಳುವ ಪದ್ಧತಿಯೂ ಬರಿಯ ಸೊಗಸಿಗಲ್ಲ. ಅವರು ಹೇಳುತ್ತಿರುವಷ್ಟು ಹೊತ್ತು ಗುರುವಿಗೆ ಉಸಿರು ಸಿಕ್ಕುತ್ತದೆ. ಉಸಿರಿಗಿಂತ ಹೆಚ್ಚಾಗಿ, ಕಣ್ಣಿಗೆ ಬಿಡುವು ಸಿಕ್ಕುತ್ತದೆ. ಯಾರ ಕಾಲು ಸೋತಿದೆ, ಯಾರ ಕೈ ಮುಂದೋಡುತ್ತಿದೆ, ಈ ಕೋಪನ್ನು ಬಿಡಬೇಕೋ ಇನ್ನೊಂದು ಸುತ್ತು ನಡಸಬೇಕೋ ಎಂಬ ನಿರ್ಣಯವೆಲ್ಲ ಆ ಒಂದು ಪಲ್ಲವಿಯೊಳಗೆ ಆಗಬೇಕು. ನಿಧಾನವಾಗಿ ಹೊರಟು ಮಧ್ಯದಲ್ಲಿ ಹದಗೊಂಡು ಕಡೆಗೆ ಬಿರುಸಾಗುವ ಗತಿಗೆ ಸ್ರೋತೋಗತ ಯತಿಯೆಂದು ಹೆಸರು. ಕೋಲಾಟದ ಓಟ ಅದೇ. ಬಿರುಸು ಎಷ್ಟರ ತನಕ ಎಂಬುದನ್ನು ಯಾವ ಗ್ರಂಥವೂ ಹೇಳಲಾರದು. ಮೇಳದಲ್ಲಿ ಎಲ್ಲರಿಗಿಂತ ಹಿಂದೆ ಬೀಳುವವನ ಕಾಲು ಹೇಳಬೇಕು.

ಈ ಸೀಮೆಯ ಗುರುವಿಗೆ ಎರಡು ಭಾಷೆಗಳ ಭಾರವೂ ಇದೆ. ಗೌರಿಬಿದನೂರಿನ ಗಡಿ ದಾಟಿದರೆ ಹಿಂದೂಪುರ. ಚಿಂತಾಮಣಿಯ ಮೂಡಣಕ್ಕೆ ಹೋದಂತೆಲ್ಲ ತೆಲುಗು. ಒಂದೇ ರಾತ್ರಿಯ ಆಟದಲ್ಲಿ ಕನ್ನಡದ ಪದವೂ ತೆಲುಗಿನ ಪದವೂ ಬರುತ್ತವೆ. ಮೇಳದವರು ಚಕ್ಕೆಗಳನ್ನು ಹಿಡಿದು ಕುಣಿಯುವ ಚಕ್ಕಭಜನೆಯಲ್ಲಿಯೂ ನಡುವೆ ನಿಂತ ಗುರುವಿನದೇ ಅಧಿಕಾರ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣ ಯತೀಂದ್ರರು ಎರಡು ಭಾಷೆಗಳಲ್ಲಿಯೂ ತತ್ತ್ವಪದಗಳನ್ನು ರಚಿಸಿದವರು. ಅವು ಈ ನಾಡಿನ ಭಜನೆಮನೆಗಳಲ್ಲಿ ನೆಲೆನಿಂತಿವೆ. ಕುಳಿತು ಹಾಡತಕ್ಕ ಇಂಥ ಪದವನ್ನು ಕುಣಿತಕ್ಕೆ ಎತ್ತಿಕೊಳ್ಳಬಹುದೇ ಎಂಬ ಪ್ರಶ್ನೆ ಏಳುತ್ತದೆ. ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನನ್ನು ಓದಿದವರು, ದೇಹದ ಅನಿತ್ಯತೆಯನ್ನು ಸಾರುವ ಪದಕ್ಕೆ ದೇಹವೇ ನೆಗೆದಾಡುವುದು ಅನುಚಿತವೆಂದಾರು. ಈ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ. ತತ್ತ್ವಪದವನ್ನು ಮೊದಲಿನಿಂದಲೇ ಬಿರುಸಾಗಿ ಹೊಡೆದರೆ ಮಾತು ಒಂದೂ ಕೇಳದೆ ಶಬ್ದ ಮಾತ್ರ ಉಳಿಯುತ್ತದೆ. ಅದು ನಿಜವಾಗಿಯೂ ಅನೌಚಿತ್ಯ. ಆದರೆ ಬಲ್ಲ ಗುರು ನುಡಿಯನ್ನು ವಿಲಂಬದಲ್ಲಿ, ಹೆಜ್ಜೆ ಅಲುಗುವಷ್ಟು ಮಾತ್ರ ಅಲುಗಿಸಿ, ಅರ್ಥ ಕಿವಿಗೆ ಮುಟ್ಟುವಂತೆ ಹಾಡುತ್ತಾನೆ. ನುಡಿಗಳೆಲ್ಲ ಮುಗಿದು ಬರಿಯ ನಾಮವುಳಿದ ಮೇಲೆ ಓಟಕ್ಕೆ ಬಿಡುತ್ತಾನೆ. ಆಗ ಕುಣಿತವು ಅರ್ಥವನ್ನು ತುಳಿಯುವುದಿಲ್ಲ; ಅರ್ಥವು ತನ್ನ ಕೆಲಸ ಮುಗಿಸಿದ ತರುವಾಯ ಬರುತ್ತದೆ.

ತಮಟೆಯ ಕುಣಿತದಲ್ಲಿ ಪದವಿಲ್ಲ, ನುಡಿತವೇ ಪದ. ಬಾರಿಸುವವನೇ ಕುಣಿಯುವವನಾದ್ದರಿಂದ ಹೊಂದಿಕೆಯ ತೊಡಕು ಅರ್ಧ ಕಳೆಯಿತು. ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದುದರಿಂದ ಈ ವಾದ್ಯದ ಕಡೆಗೆ ವಿದ್ಯಾವಂತರ ಕಣ್ಣು ತಿರುಗಿದೆ; ಬಹುಕಾಲ ತಿರುಗದಿದ್ದದ್ದೇಕೆ ಎಂಬುದನ್ನು ವಿದ್ಯಾವಂತರೇ ಹೇಳಬೇಕು. ಕೀಲುಕುದುರೆಯ ಸಮಾಚಾರ ಬೇರೆ. ಮರಗಾಲು ಕಟ್ಟಿಕೊಂಡವನು ನಿಶ್ಚಲವಾಗಿ ನಿಲ್ಲಲಾರನು, ಕಾಲಾಡಿಸುತ್ತಲೇ ಇರಬೇಕು. ಅವನಿಗೆ ಬಾರಿಸತಕ್ಕವರು ಮಧ್ಯೆ ಮೌನವಿರುವ ಗತ್ತನ್ನು ಹಿಡಿದರೆ ಸೊಗಸು ಕೆಡುವುದಷ್ಟೇ ಅಲ್ಲ, ಆಳೇ ಬಿದ್ದಾನು.

ಜಾತ್ರೆ ಉತ್ಸವಗಳಲ್ಲಿ ವಾಲಗದ ಪಕ್ಕಕ್ಕೆ ಬ್ಯಾಂಡು ಬಂದು ಬಹಳ ಕಾಲವಾಯಿತು. ಸಂಪ್ರದಾಯವಾದಿಗಳು ಇದನ್ನು ಕಂಡು ಮುಖ ಸಿಂಡರಿಸುವುದು ನ್ಯಾಯವಲ್ಲ. ಕೋಲಾಟದ ಗುರುಗಳು ಎಂದೂ ಮಟ್ಟಿನ ವಿಷಯದಲ್ಲಿ ಮಡಿವಂತರಾಗಿರಲಿಲ್ಲ. ನಾಟಕದ ಮಟ್ಟು ಬಂದಾಗ ಅದನ್ನು ತೆಗೆದುಕೊಂಡರು, ಚಲಚ್ಚಿತ್ರದ ಮಟ್ಟು ಬಂದಾಗ ಅದನ್ನೂ ತೆಗೆದುಕೊಂಡರು. ಮಟ್ಟನ್ನು ಇಟ್ಟುಕೊಂಡು, ನಡುನಡುವೆ ಬರುವ ವಾದ್ಯದ ತುಣುಕುಗಳನ್ನು ಕಿತ್ತುಹಾಕಿ, ತಮ್ಮ ಮಾತನ್ನು ತುಂಬಿ, ಸುತ್ತಿಗೆ ಸರಿಯಾಗಿ ಕತ್ತರಿಸಿಕೊಂಡರು. ಬ್ಯಾಂಡಿನವನು ಎದುರಿಗೆ ಜೀವಂತನಾಗಿ ನಿಂತಿದ್ದರೆ ಗುರುವು ಕೈಯೆತ್ತಿ ಇನ್ನೊಂದು ಸುತ್ತೆನ್ನಬಹುದು, ತಗ್ಗಿಸೆನ್ನಬಹುದು, ನಿಲ್ಲಿಸೆನ್ನಬಹುದು. ಹೊರದೇಶಗಳಲ್ಲಿಯೂ ನಡೆದಿರುವುದು ಇದೇ. ಅಮೆರಿಕಾ ದೇಶದ ಕಾಂಟ್ರಾ ಎಂಬ ಜಾನಪದ ನೃತ್ಯದಲ್ಲಿ ವಿನ್ಯಾಸಗಳನ್ನು ಕೂಗಿ ಹೇಳುವ ಒಬ್ಬನಿರುತ್ತಾನೆ. ಅಲ್ಲಿಯ ಮಟ್ಟಿಗೆ ಎರಡು ಭಾಗ. ಒಂದೊಂದನ್ನೂ ಎರಡೆರಡು ಸಲ ನುಡಿಸಿ 64 ಹೆಜ್ಜೆಗೆ ಸರಿತೂಗಿಸುತ್ತಾರೆ, ಅವನು ಸನ್ನೆ ಮಾಡುವ ತನಕ ಮೊದಲಿನಿಂದ ನುಡಿಸುತ್ತಲೇ ಇರುತ್ತಾರೆ. ತ್ರಿಪದಿಯ ಎರಡನೆಯ ಸಾಲು ಮರಳಿ ಬರುವುದಕ್ಕೂ ಆ ಮಟ್ಟಿನ ಭಾಗಗಳು ಮರಳಿ ಬರುವುದಕ್ಕೂ ಹಿಂದಿರುವ ಅಗತ್ಯ ಒಂದೇ: ಸುತ್ತು ಮುಗಿಯಬೇಕು.

ಕುತ್ತವು ಬಂದಿರುವುದು ಬ್ಯಾಂಡಿನಿಂದಲ್ಲ, ಮುದ್ರಿತ ಹಾಡಿನಿಂದ. ಶಾಲೆಯ ವಾರ್ಷಿಕೋತ್ಸವವಿರಲಿ, ಸ್ಪರ್ಧೆಯ ವೇದಿಕೆಯಿರಲಿ, ಮೊಬೈಲಿನಲ್ಲಿರುವ ಹಾಡೊಂದನ್ನು ಧ್ವನಿವರ್ಧಕಕ್ಕೆ ಸಿಕ್ಕಿಸಿ ಅದಕ್ಕೆ ಮಕ್ಕಳನ್ನು ತಿಂಗಳುಗಟ್ಟಲೆ ಪಳಗಿಸುವ ರೂಢಿ ಹಬ್ಬಿದೆ. ಆ ಹಾಡಿಗೆ ಕಣ್ಣಿಲ್ಲ. ಹುಡುಗಿಯ ಕೈಯಿಂದ ಕೋಲು ಜಾರಿತೆಂದು ಅದು ಒಂದು ಸಾಲು ಹಿಂದಕ್ಕೆ ಬರುವುದಿಲ್ಲ. ವಾದ್ಯದ ತುಣುಕು ಬಂದಾಗ ಕೋಪು ಅರ್ಧಕ್ಕೆ ನಿಂತು, ಕೈಗಳು ಗಾಳಿಯಲ್ಲಿ ಏನನ್ನೋ ಅಭಿನಯಿಸುತ್ತವೆ. ಜಡೆಕೋಲಾಟದಲ್ಲಿ ಹೆಣಿಗೆ ತುಸು ತಡವಾಯಿತೆಂದರೆ ಬಿಚ್ಚುವ ಮೊದಲೇ ಹಾಡು ಮುಗಿಯುತ್ತದೆ. ಹಗ್ಗಗಳು ಹೆಣೆದೇ ಉಳಿದಿರುವಾಗ ಮಕ್ಕಳು ಕೈಮುಗಿದು ಹೊರಟುಹೋಗುತ್ತಾರೆ, ಸಭೆಯು ಚಪ್ಪಾಳೆ ತಟ್ಟುತ್ತದೆ. ಬಿಚ್ಚಬೇಕಾದದ್ದು ಆಟದ ಉತ್ತರಾರ್ಧವೆಂಬುದೇ ಚಪ್ಪಾಳೆ ತಟ್ಟಿದವರಿಗೆ ತಿಳಿದಿಲ್ಲ.

ಇದರೊಡನೆ ವೇದಿಕೆಯ ದೋಷವೂ ಸೇರಿಕೊಂಡಿದೆ. ಸಾರಿಸಿದ ಕಣದ ಗಟ್ಟಿನೆಲದಲ್ಲಿ ಹೆಜ್ಜೆಯ ಸಪ್ಪಳವು ಕೋಲಿನ ಸಪ್ಪಳಕ್ಕೆ ಶ್ರುತಿಯಂತಿರುತ್ತದೆ. ಜಮಖಾನೆ ಹಾಸಿದ ಅಟ್ಟದಲ್ಲಿ ಅದು ಅಡಗಿಹೋಯಿತು. ಎದುರಿಗೆ ಕುಳಿತ ಸಭೆಗೆ ಬೆನ್ನು ತೋರಿಸಬಾರದೆಂದು ವೃತ್ತವನ್ನು ಒಡೆದು ಅರ್ಧಚಂದ್ರ ಮಾಡಿದರು. ವೃತ್ತವಿಲ್ಲವಾದ ಮೇಲೆ ನಡುವೂ ಇಲ್ಲ, ನಡುವಿನಲ್ಲಿ ನಿಲ್ಲತಕ್ಕವನೂ ಇಲ್ಲ. ಗುರುವಿದ್ದರೆ ಅವನನ್ನು ಧ್ವನಿಗ್ರಾಹಕದ ಮೂಲೆಗೆ ತಳ್ಳಿ, ಆಟಗಾರರ ಕಾಲು ಕಾಣದ ಜಾಗದಲ್ಲಿ ನಿಲ್ಲಿಸುತ್ತಾರೆ. ಕಾಲು ಕಾಣದವನು ಪದವನ್ನು ಯಾವುದಕ್ಕೆ ಹೊಂದಿಸಬೇಕು? ತೀರ್ಪುಗಾರರು ಉಡುಪಿನ ಏಕರೂಪಕ್ಕೂ ಮುಖದ ನಗುವಿಗೂ ಅಂಕ ಕೊಡುತ್ತಾರೆ. ಸ್ಪರ್ಧೆಯ ನಿಯಮಗಳನ್ನು ಬರೆಯತಕ್ಕವರು ಮುದ್ರಿತ ಹಾಡನ್ನು ಬಿಟ್ಟು ಹಾಡುವವನನ್ನು ಕಡ್ಡಾಯಮಾಡಿದರೆ ಅರ್ಧ ಕೆಲಸವಾದಂತೆ. ಹಾಡುವವನು ಕೆಟ್ಟದಾಗಿಯೇ ಹಾಡಲಿ. ಕೆಟ್ಟ ಕಂಠದ ಗುರುವೂ ಮಕ್ಕಳು ಬಿಚ್ಚಿ ಮುಗಿಸುವ ತನಕ ಕಾಯುತ್ತಾನೆ.

ಸಂಗ್ರಾಹಕರ ಕೆಲಸವೂ ಇಲ್ಲಿ ಅರೆಯಾಗಿ ಉಳಿದಿದೆ. ಪದಗಳನ್ನು ಬರೆದುಕೊಂಡವರಿದ್ದಾರೆ, ಮಟ್ಟನ್ನು ಯಂತ್ರದಲ್ಲಿ ಹಿಡಿದವರಿದ್ದಾರೆ; ಯಾವ ಪದಕ್ಕೆ ಯಾವ ಕೋಪು, ಒಂದು ಸಾಲಿಗೆ ಎಷ್ಟು ಪೆಟ್ಟು, ಯಾವ ಸಾಲು ಮರಳಬೇಕು ಎಂಬುದನ್ನು ಪದದ ಪಕ್ಕದಲ್ಲಿಯೇ ಗುರುತಿಸಿದವರು ವಿರಳ. ಇಂಗ್ಲೆಂಡಿನಲ್ಲಿ ಸೆಸಿಲ್ ಶಾರ್ಪನು 1909ರಲ್ಲಿಯೇ ಹಳ್ಳಿಯ ನೃತ್ಯಗಳ ವಿನ್ಯಾಸವನ್ನು ಬರೆದು ಅಚ್ಚುಹಾಕಿಸತೊಡಗಿದನು. ಈ ಜಿಲ್ಲೆಯಲ್ಲಿ ಅಷ್ಟನ್ನು ಮಾಡುವುದಕ್ಕೆ ದೊಡ್ಡ ಸಂಸ್ಥೆ ಬೇಕಾಗಿಲ್ಲ. ಸುಗ್ಗಿಯ ಕಾಲದಲ್ಲಿ, ಬೆಳುದಿಂಗಳ ರಾತ್ರಿ, ಒಬ್ಬ ಮುದಿ ಗುರುವಿನ ಪಕ್ಕದಲ್ಲಿ ಒಬ್ಬ ಹುಡುಗ ಪುಸ್ತಕ ಹಿಡಿದು ಕುಳಿತರೆ ಸಾಕು. ಪದವನ್ನು ಆಮೇಲೆ ಬರೆಯಲಿ, ಮೊದಲು ಪೆಟ್ಟುಗಳನ್ನು ಎಣಿಸಲಿ.